ಕ್ರಾಲ್ ಸ್ಪೇಸ್ ತೇವಕ್ಕೆ ಎಷ್ಟು ಖರ್ಚು? ಕೊಟೇಷನ್‌ಗೆ ಸಹಿ ಹಾಕುವ ಮುಂಚೆ ಓದಿ

ನಾರ್ತ್ ಕೆರೊಲೈನಾದ ಕ್ಯಾರಿ, ಮೋರಿಸ್‌ವಿಲ್, ಶಾರ್ಲೆಟ್ ಕಡೆ, ಇಲ್ಲವೇ ಅಟ್ಲಾಂಟಾ ಸುತ್ತಮುತ್ತ ಮನೆ ಕೊಂಡವರು ಮೊದಲ ಬೇಸಿಗೆ ಮುಗಿಯುವ ಹೊತ್ತಿಗೆ ಕೇಳುವ ಪ್ರಶ್ನೆ ಇದು: "ಮನೆ ಕೆಳಗೆ ತೇವ ಇದೆಯಂತೆ, ಸೀಲ್ ಮಾಡೋಕೆ ಹದಿನಾಲ್ಕು ಸಾವಿರ ಡಾಲರ್ ಹೇಳ್ತಿದ್ದಾರೆ. ಕೊಡಬೇಕಾ?"

ನಮ್ಮೂರಿನ ಮನೆಗಳಲ್ಲಿ ಪಾಯದ ಗೋಡೆಗಳ ನಡುವೆ ಮಣ್ಣು ತುಂಬಿ, ದಿಮ್ಮಸು ಹಾಕಿ, ಮೇಲೆ ನೆಲ ಹಾಸುತ್ತಾರೆ. ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಆ ಜಾಗವನ್ನು ಖಾಲಿ ಬಿಡುತ್ತಾರೆ. ನೆಲವನ್ನು ಮರದ ಜಂತೆಗಳು ಹೊತ್ತಿರುತ್ತವೆ. ಇವುಗಳಿಗೆ ಜಾಯಿಸ್ಟ್ ಎಂದು ಹೆಸರು. ಅದರ ಕೆಳಗೆ ಒಂದೂವರೆಯಿಂದ ನಾಲ್ಕು ಅಡಿ ಎತ್ತರದ, ತೆವಳಿಕೊಂಡೇ ಹೋಗಬೇಕಾದ ಜಾಗವೇ ಕ್ರಾಲ್ ಸ್ಪೇಸ್. ತಳದಲ್ಲಿ ಬರೀ ಮಣ್ಣು, ಸುತ್ತಲಿನ ಗೋಡೆಯಲ್ಲಿ ಗಾಳಿಕಿಂಡಿಗಳು. ಇದನ್ನು ದಪ್ಪ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಕಿಂಡಿ ಬಂದ್ ಮಾಡಿ, ಒಳಗಿನ ಗಾಳಿಯ ತೇವವನ್ನು ಯಂತ್ರದಿಂದ ತೆಗೆಯುವ ಕೆಲಸಕ್ಕೆ ಎನ್‌ಕ್ಯಾಪ್ಸುಲೇಷನ್ ಎನ್ನುತ್ತಾರೆ.

ಮೊದಲು ಅಂದಾಜು ಮೊತ್ತ. 1,500 ಚದರಡಿಯ ಕ್ರಾಲ್ ಸ್ಪೇಸ್, ನೀರು ನಿಲ್ಲದ ಜಾಗ ಎಂದಿಟ್ಟುಕೊಂಡರೆ ಕಾಂಟ್ರಾಕ್ಟರ್ ಕೈಯಲ್ಲಿ 6,000ದಿಂದ 12,000 ಡಾಲರ್, ನೀವೇ ಮಾಡಿದರೆ 3,000ದಿಂದ 4,000 ಡಾಲರ್ ಆಸುಪಾಸು. ನೀರು ನಿಲ್ಲುವ ಜಾಗವಾದರೆ 20,000 ದಾಟುವುದೂ ಉಂಟು. ಈ ದೊಡ್ಡ ಅಂತರ ಹುಟ್ಟುವುದು ಹಾಳೆಯಿಂದಲ್ಲ, ನೀರಿನಿಂದ. ಹರಿದು ಬರುವ ನೀರು ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಹಾಳೆ ಹಾಸಿಸಿಕೊಂಡವರು ಎರಡು ಸಲ ದುಡ್ಡು ಕೊಡುತ್ತಾರೆ. ಹಾಗಾಗಿ ಕೆಳಗಿನ ಹಂತಗಳ ಕ್ರಮ ತಪ್ಪಿಸಬೇಡಿ.

1. ಅಳತೆ ತೆಗೆಯಿರಿ

ಹೈಗ್ರೋಮೀಟರ್, ಅಂದರೆ ಗಾಳಿಯ ತೇವಾಂಶ ತೋರಿಸುವ ಪುಟ್ಟ ಉಪಕರಣ, 10-15 ಡಾಲರ್‌ಗೆ ಸಿಗುತ್ತದೆ. ಫೋನಿಗೆ ಸುದ್ದಿ ಕಳಿಸುವ ಬಗೆಯದು ತಂದರೆ ಪದೇ ಪದೇ ಕೆಳಗೆ ಇಳಿಯಬೇಕಿಲ್ಲ. ಎರಡು ತನ್ನಿ: ಒಂದು ಬಾಗಿಲ ಹತ್ತಿರ, ಇನ್ನೊಂದು ದೂರದ ಮೂಲೆಯಲ್ಲಿ. ಜೊತೆಗೆ ಮರಕ್ಕೆ ಚುಚ್ಚಿ ನೋಡುವ ಪಿನ್ ಬಗೆಯ ಮಾಯಿಶ್ಚರ್ ಮೀಟರ್ ಒಂದು, 30-50 ಡಾಲರ್.

ಬೇಸಿಗೆಯಲ್ಲಿ ಎರಡು ವಾರ ನೋಡಿ. ಗಾಳಿಯ ತೇವಾಂಶ ಬಹುಪಾಲು ಶೇ. 60ರೊಳಗಿದ್ದು, ಜಾಯಿಸ್ಟ್‌ಗಳ ಅಳತೆ ಶೇ. 15ರ ಒಳಗಿದ್ದರೆ ನಿಮಗೆ ಎನ್‌ಕ್ಯಾಪ್ಸುಲೇಷನ್ ತುರ್ತಿಲ್ಲ. ಮಣ್ಣಿನ ಮೇಲೆ ಹಾಳೆ ಸರಿಯಾಗಿದೆಯೇ ಎಂದು ನೋಡಿಕೊಂಡರೆ ಸಾಕು. ಮರದ ಅಳತೆ ಶೇ. 19-20 ದಾಟಿದ್ದರೆ ಬೂಷ್ಟು ಬೆಳೆಯುವ ಮಟ್ಟಕ್ಕೆ ಬಂದಿದೆ. ಹಾಗೇ ಬಿಟ್ಟು ಅದು ಇನ್ನೂ ಏರಿದರೆ ಮರ ಕೊಳೆಯಲು ಶುರುವಾಗುತ್ತದೆ. ಚಳಿಗಾಲದಲ್ಲಿ ಮಾತ್ರ ಅಳೆದು ನಿರ್ಧಾರಕ್ಕೆ ಬರಬೇಡಿ. ಕೆರೊಲೈನಾದಲ್ಲಿ ಜನವರಿಯ ಅಂಕಿ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ.

ಒಳ್ಳೆಯ ಮಳೆ ಬಿದ್ದ ಮಾರನೆಯ ದಿನ ಒಂದು ಸಲ ಒಳಗೆ ಹೋಗಿ ನೋಡಿ. ಮಣ್ಣು ಒದ್ದೆಯೇ? ಗೋಡೆಯ ಬುಡದಲ್ಲಿ ಬಿಳಿ ಉಪ್ಪಿನ ಗೆರೆ ಇದೆಯೇ? ಎಲ್ಲಾದರೂ ನೀರು ನಿಂತಿದೆಯೇ? ಎಲ್ಲದರ ಫೋಟೊ ತೆಗೆದಿಡಿ, ಮುಂದೆ ಕೊಟೇಷನ್ ಓದುವಾಗ ಬೇಕಾಗುತ್ತದೆ. ಇಳಿಯುವಾಗ ಎನ್95 ಮಾಸ್ಕ್, ಕೈಗವಸು, ಮೊಣಕಾಲು ಪ್ಯಾಡ್, ತಲೆಗೆ ಕಟ್ಟುವ ಟಾರ್ಚ್ ಇರಲಿ. ಹೊರಗೆ ಒಬ್ಬರು ಕಾದಿರಲಿ. ಬ್ಲ್ಯಾಕ್ ವಿಡೋ ಜೇಡ, ಹಾವು ಎರಡೂ ಈ ಜಾಗಕ್ಕೆ ಹೊಸಬರಲ್ಲ.

2. ಹೊರಗಿನ ನೀರನ್ನು ಹೊರಗೇ ತಿರುಗಿಸಿ

ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಫಲ ಕೊಡುವ ಹಂತ ಇದು. ಮಾರಲು ಬಂದವರು ಇದರ ಬಗ್ಗೆ ಮಾತಾಡುವುದು ಕಡಿಮೆ, ಯಾಕೆಂದರೆ ಇದರಲ್ಲಿ ಅವರಿಗೆ ಲಾಭವಿಲ್ಲ.

1,000 ಚದರಡಿ ಚಾವಣಿಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 620 ಗ್ಯಾಲನ್ ನೀರು. ಗಟರ್, ಅಂದರೆ ಚಾವಣಿಯ ಅಂಚಿನ ನೀರಿನ ದೋಣಿ, ಕಟ್ಟಿಕೊಂಡಿದ್ದರೆ, ಅಥವಾ ಅದರ ಇಳಿಗೊಳವೆ ಗೋಡೆಯ ಬುಡದಲ್ಲೇ ಕೊನೆಯಾಗಿದ್ದರೆ, ಅಷ್ಟೂ ನೀರು ಪಾಯದ ಪಕ್ಕದ ಮಣ್ಣಿಗೆ ಇಳಿದು ಒಳಗೆ ಬರುತ್ತದೆ. ಗಟರ್ ಶುಚಿ ಮಾಡಿಸಲು 150-250 ಡಾಲರ್. ಇಳಿಗೊಳವೆಗೆ ಪೈಪ್ ಜೋಡಿಸಿ ನೀರನ್ನು ಮನೆಯಿಂದ 6ರಿಂದ 10 ಅಡಿ ಆಚೆ ಬಿಡಲು ಒಂದೊಂದಕ್ಕೆ 15-40 ಡಾಲರ್.

ಆಮೇಲೆ ಮಣ್ಣಿನ ಇಳಿಜಾರು. ಬಹಳ ರಾಜ್ಯಗಳು ಆಧಾರವಾಗಿ ಇಟ್ಟುಕೊಳ್ಳುವ ಮಾದರಿ ಕಟ್ಟಡ ನಿಯಮ ಹೇಳುವುದು ಗೋಡೆಯಿಂದ ಮೊದಲ 10 ಅಡಿಯಲ್ಲಿ 6 ಇಂಚು ಇಳಿಜಾರು ಇರಬೇಕು ಎಂದು. ಗೋಡೆಗೆ ಒತ್ತಿ ಮಾಡಿದ ಹೂವಿನ ಪಾತಿ, ವರ್ಷವರ್ಷ ಮೇಲೆ ಸುರಿದ ಮಲ್ಚ್ (ಗಿಡದ ಬುಡಕ್ಕೆ ಹಾಸುವ ಮರದ ಚಕ್ಕೆ), ಗೋಡೆಯತ್ತ ತಿರುಗಿದ ಸ್ಪ್ರಿಂಕ್ಲರ್ ಮೂರೂ ಈ ಇಳಿಜಾರನ್ನು ಉಲ್ಟಾ ಮಾಡುತ್ತವೆ. ಜೇಡಿಮಣ್ಣು ತಂದು ಸರಿಪಡಿಸಿ. ಮರಳು ಬೇಡ, ಅದು ನೀರನ್ನು ಕೆಳಗೇ ಬಿಡುತ್ತದೆ.

ಇಷ್ಟು ಮಾಡಿ ಎರಡು ಮೂರು ದೊಡ್ಡ ಮಳೆ ಕಳೆಯುವವರೆಗೆ ಕಾಯಿರಿ. ಒಳಗೆ ನೀರು ಬರುವುದು ನಿಂತರೆ ಕೊಟೇಷನ್‌ನಲ್ಲಿ ಅತಿ ದುಬಾರಿ ಬಾಬ್ತಾದ ಒಳಚರಂಡಿ ಬೇಕಿಲ್ಲ. ಗೋಡೆಯ ಒಳಸುತ್ತಿಗೆ ಅಗೆದು, ತೂತಿನ ಪೈಪ್, ಜಲ್ಲಿ ಹಾಕಿ ಸಂಪ್ ಪಂಪ್‌ಗೆ, ಅಂದರೆ ಗುಂಡಿಯಲ್ಲಿ ಕೂಡಿದ ನೀರನ್ನು ಹೊರಗೆ ತಳ್ಳುವ ಪಂಪ್‌ಗೆ, ನೀರು ಹರಿಸುವ ವ್ಯವಸ್ಥೆ ಅದು. ಅಡಿಗೆ 40ರಿಂದ 80 ಡಾಲರ್. 30×50 ಅಡಿಯ ಮನೆಗೆ ಸುತ್ತಳತೆ 160 ಅಡಿ, ಅಂದರೆ 6,400ರಿಂದ 12,800 ಡಾಲರ್. ಸಂಪ್ ಪಂಪ್ ಬೇರೆ, 1,200ರಿಂದ 2,500. ನೀರು ಒಂದೇ ಮಗ್ಗುಲಿನಿಂದ ಬರುತ್ತಿದ್ದರೆ ಆ ಮಗ್ಗುಲಿಗೆ ಮಾತ್ರ ಹಾಕಿಸಿದರೆ ಸಾಲದೇ ಎಂದು ಕೇಳಿ. ನಿಜವಾಗಿ ಅಂತರ್ಜಲ ಮೇಲೇರುವ, ಇಳಿಜಾರಿನ ತಗ್ಗಿನಲ್ಲಿರುವ ಮನೆಗಳಿಗೆ ಪೂರ್ತಿ ಬೇಕೇ ಬೇಕು, ಅಲ್ಲಿ ಕಂಜೂಸಿ ಮಾಡಬಾರದು.

3. ಮನೆಯದೇ ನೀರು

ಇದು ಬೇಗ ಮುಗಿಯುವ ಕೆಲಸ. ಸೋರುವ ಪೈಪ್, ಟಾಯ್ಲೆಟ್ ಬುಡದ ಒದ್ದೆ, ಎಸಿಯ ನೀರು ಬಿಡುವ ಪೈಪ್ ಮಣ್ಣಿಗೇ ತೆರೆದುಕೊಂಡಿರುವುದು, ಬಟ್ಟೆ ಒಣಗಿಸುವ ಡ್ರೈಯರ್‌ನ ಕೊಳವೆ ಕಳಚಿಕೊಂಡು ಕ್ರಾಲ್ ಸ್ಪೇಸ್‌ಗೇ ಹಬೆ ಬಿಡುತ್ತಿರುವುದು, ಈ ನಾಲ್ಕನ್ನು ನೋಡಿ. ಎಸಿ ಡಕ್ಟ್‌ಗಳ, ಅಂದರೆ ತಣ್ಣನೆ ಗಾಳಿ ಸಾಗಿಸುವ ಕೊಳವೆಗಳ, ಕೀಲು ಬಿಟ್ಟಿದ್ದರೆ ಬ್ರಷ್‌ನಿಂದ ಬಳಿಯುವ ಮ್ಯಾಸ್ಟಿಕ್ ಅಂಟಿನಿಂದ ಮುಚ್ಚಿ.

4. ಸೀಲ್ ಮಾಡಲೇಬಾರದ ಸಂದರ್ಭಗಳು

ಈ ನಾಲ್ಕರಲ್ಲಿ ಒಂದಿದ್ದರೂ ಅದನ್ನು ಬಗೆಹರಿಸುವವರೆಗೆ ಕಿಂಡಿ ಮುಚ್ಚಬೇಡಿ.

ಗ್ಯಾಸ್ ಫರ್ನೇಸ್ ಅಥವಾ ಗ್ಯಾಸ್ ವಾಟರ್ ಹೀಟರ್ ಕ್ರಾಲ್ ಸ್ಪೇಸ್‌ನಲ್ಲಿದ್ದು, ಉರಿಯಲು ಅಲ್ಲಿನ ಗಾಳಿಯನ್ನೇ ಎಳೆಯುತ್ತಿದ್ದರೆ, ಕಿಂಡಿ ಮುಚ್ಚಿದಾಗ ಗಾಳಿ ಸಾಲದೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳಬಹುದು. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಜೀವವನ್ನೇ ತೆಗೆಯುತ್ತದೆ. ಹೊರಗಿನಿಂದಲೇ ಗಾಳಿ ಎಳೆದು ಹೊರಗೇ ಬಿಡುವ ಬಗೆಯ ಉಪಕರಣಕ್ಕೆ ಬದಲಾಯಿಸಿದ ಮೇಲಷ್ಟೇ ಮುಂದುವರಿಯಿರಿ.

ಮನೆ ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾ ಗುರುತಿಸಿದ ಪ್ರವಾಹ ವಲಯದಲ್ಲಿದ್ದರೆ ಗೋಡೆಯಲ್ಲಿರುವುದು ಗಾಳಿಕಿಂಡಿಯಷ್ಟೇ ಅಲ್ಲ, ನೆರೆನೀರು ಒಳಹೊರಗೆ ಹರಿದು ಗೋಡೆ ಕುಸಿಯದಂತೆ ಕಾಯುವ ತೆರಪು. ಅದನ್ನು ಮುಚ್ಚುವುದು ನಿಯಮಕ್ಕೂ ವಿರುದ್ಧ, ಪ್ರವಾಹ ವಿಮೆಗೂ ತೊಂದರೆ.

ಮೂರನೆಯದು ಗೆದ್ದಲು. ದಕ್ಷಿಣದ ರಾಜ್ಯಗಳಲ್ಲಿ ಅನೇಕ ಮನೆಗಳಿಗೆ "ಟರ್ಮೈಟ್ ಬಾಂಡ್" ಇರುತ್ತದೆ, ಅಂದರೆ ವರ್ಷಕ್ಕೊಮ್ಮೆ ನೋಡಿ ಹೋಗುವ, ಗೆದ್ದಲು ಬಂದರೆ ಹೊಣೆ ಹೊರುವ ಕರಾರು. ಗೋಡೆಯ ತಲೆಯಲ್ಲಿ 3 ಇಂಚು ಖಾಲಿ ಬಿಡದೆ ಹಾಳೆ ಅಥವಾ ಫೋಮ್ ಅಂಟಿಸಿದರೆ ಗೆದ್ದಲಿನ ಮಣ್ಣಿನ ದಾರಿ ಕಾಣುವುದಿಲ್ಲ, ಬಾಂಡ್ ರದ್ದಾಗಬಹುದು. ಕೆಲಸ ಶುರುವಾಗುವ ಮುಂಚೆ ಆ ಕಂಪನಿಗೆ ಇಮೇಲ್ ಹಾಕಿ, ಉತ್ತರವನ್ನು ಬರಹದಲ್ಲೇ ತರಿಸಿಕೊಳ್ಳಿ.

ನಾಲ್ಕನೆಯದು ರೇಡಾನ್, ಮಣ್ಣಿನಿಂದ ಬರುವ ವಿಕಿರಣಶೀಲ ಅನಿಲ. 15-30 ಡಾಲರ್‌ನ ಕಿಟ್‌ನಿಂದ ಕೆಲಸಕ್ಕೆ ಮುಂಚೆ ಒಮ್ಮೆ, ಆದಮೇಲೆ ಒಮ್ಮೆ ಮನೆಯೊಳಗೆ ಅಳೆಯಿರಿ. ಲೀಟರಿಗೆ 4 ಪಿಕೊಕ್ಯೂರಿ ಅಥವಾ ಹೆಚ್ಚು ಬಂದರೆ ಕ್ರಮ ಕೈಗೊಳ್ಳಿ ಎಂಬುದು ಅಮೆರಿಕದ ಪರಿಸರ ಸಂಸ್ಥೆ ಇಪಿಎ ಹೇಳುವ ಮಾತು. ಆಗ ಹಾಳೆಯ ಅಡಿಯಿಂದ ಗಾಳಿ ಎಳೆದು ಚಾವಣಿಯ ಮೇಲೆ ಬಿಡುವ ಫ್ಯಾನ್ ಹಾಕಬೇಕಾಗುತ್ತದೆ. ಹಾಳೆಯ ಜೊತೆಗೇ ಮಾಡಿಸಿದರೆ ಅಗ್ಗ.

5. ಶುಚಿ

ಹಳೆಯ ಹರಿದ ಹಾಳೆ, ಮರದ ಚೂರು, ಕಲ್ಲು, ಕಟ್ಟುವಾಗ ಬಿಟ್ಟುಹೋದ ಕಸ ಎಲ್ಲ ಹೊರಗೆ ಹಾಕಿ. ಜಾಯಿಸ್ಟ್‌ಗಳ ನಡುವೆ ಜೋತಾಡುವ ಹಳದಿ ಅಥವಾ ಗುಲಾಬಿ ಫೈಬರ್‌ಗ್ಲಾಸ್ ಒದ್ದೆಯಾಗಿದ್ದರೆ ತೆಗೆಯಿರಿ. ತೇವ ಹಿಡಿದ ಫೈಬರ್‌ಗ್ಲಾಸ್‌ನಿಂದ ಇನ್ಸುಲೇಷನ್ ಪ್ರಯೋಜನ ಸಿಗುವುದಿಲ್ಲ.

ಬೂಷ್ಟು 10 ಚದರಡಿಗಿಂತ ಕಡಿಮೆ ಇದ್ದರೆ ನೀವೇ ತೆಗೆಯಬಹುದು ಎನ್ನುತ್ತದೆ ಇಪಿಎ. ಸೋಪಿನ ನೀರು, ಬ್ರಷ್, ಆಮೇಲೆ ಚೆನ್ನಾಗಿ ಒಣಗಿಸುವುದು. ಬೂಷ್ಟು ಕಣ್ಣಿಗೇ ಕಾಣುತ್ತಿರುವಾಗ ಅದು ಯಾವ ಜಾತಿ ಎಂದು ಲ್ಯಾಬ್ ಪರೀಕ್ಷೆಗೆ ನೂರಾರು ಡಾಲರ್ ಕೊಡುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಹೆಚ್ಚು ಇದ್ದರೆ ಶುಚಿ ಮಾಡಿಸಲು 1,500ರಿಂದ 4,000 ಡಾಲರ್ ಆಗಬಹುದು. ಜಾಯಿಸ್ಟ್‌ಗೆ ಸ್ಕ್ರೂಡ್ರೈವರ್ ಚುಚ್ಚಿದರೆ ಒಳಗೆ ಇಳಿಯುವಷ್ಟು ಮೆತ್ತಗಾಗಿದ್ದರೆ ಹಾಳೆ ಮಾರುವವರ ಮಾತು ಕೇಳಿ ನೆಲ ಎತ್ತಿ ಹಿಡಿಯುವ ಜ್ಯಾಕ್ ಹಾಕಿಸಬೇಡಿ. ಏನನ್ನೂ ಮಾರದ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ, 400-800 ಡಾಲರ್ ಕೊಟ್ಟು ವರದಿ ಬರೆಸಿಕೊಳ್ಳಿ.

6. ಹಾಳೆ

ದಪ್ಪವನ್ನು "ಮಿಲ್" ಲೆಕ್ಕದಲ್ಲಿ ಹೇಳುತ್ತಾರೆ. ಮಿಲ್ ಎಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು. 6 ಮಿಲ್ ಎಂದರೆ 0.15 ಮಿಲಿಮೀಟರ್, 20 ಮಿಲ್ ಎಂದರೆ ಅರ್ಧ ಮಿಲಿಮೀಟರ್. ಕೊಟೇಷನ್‌ನಲ್ಲಿ ಇದರ ಮೇಲೇ ಹೆಚ್ಚು ಬಣ್ಣ ಹಚ್ಚುತ್ತಾರೆ. ಆದರೆ ಆವಿ ತಡೆಯುವ ವಿಷಯದಲ್ಲಿ ಒಳ್ಳೆಯ 6 ಮಿಲ್ ಪಾಲಿಥೀನ್ ಕೂಡ ನಿಯಮದ ಮೊದಲ ದರ್ಜೆಯಲ್ಲೇ ಬರುತ್ತದೆ. ಹೆಚ್ಚು ದಪ್ಪ ಕೊಡುವುದು ಹರಿಯದ ಗಟ್ಟಿತನ, ಹೆಚ್ಚು ಒಣ ಗಾಳಿಯಲ್ಲ. ಯಾರೂ ಹೆಚ್ಚು ತೆವಳದ ಜಾಗಕ್ಕೆ ನಡುವೆ ನೂಲಿನ ಬಲೆ ಇರುವ 10-12 ಮಿಲ್ ಸಾಕು. ಎಸಿ ಯಂತ್ರ ಒಳಗಿದ್ದು ಮೆಕ್ಯಾನಿಕ್ ವರ್ಷಕ್ಕೆ ಎರಡು ಸಲ ಹೋಗುವುದಾದರೆ ಅವರು ಹೋಗುವ ದಾರಿಗೆ ಮಾತ್ರ ಇನ್ನೊಂದು ಪದರ ಹಾಸಿ.

30×50 ಅಡಿ, 3 ಅಡಿ ಎತ್ತರದ ಗೋಡೆ ಇರುವ ಮನೆಗೆ ಲೆಕ್ಕ ಹೀಗೆ. 12×100 ಅಡಿಯ ರೋಲ್ ತಂದರೆ, ಪಟ್ಟಿಗಳನ್ನು ಒಂದರ ಮೇಲೊಂದು ಒಂದು ಅಡಿ ಅತಿಕ್ರಮಿಸಿ ಹಾಸಿದಾಗ 30 ಅಡಿ ಅಗಲಕ್ಕೆ 50 ಅಡಿಯ ಮೂರು ಪಟ್ಟಿ ಬೇಕು. ಗೋಡೆಗೆ 3 ಅಡಿ ಅಗಲದ ಪಟ್ಟಿ, ಎರಡು ಅಡಿ ಮೇಲಕ್ಕೆ, ಒಂದು ಅಡಿ ನೆಲದ ಮೇಲೆ. ರೋಲಿನ 40 ಅಡಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿದರೆ 160 ಅಡಿ ಸುತ್ತಳತೆ ಮುಗಿಯಿತು. ಇಲ್ಲಿಗೆ 190 ಅಡಿ. ಎರಡು ರೋಲ್ ಸಾಕಲ್ಲ ಎನಿಸುತ್ತದೆ, ಆದರೆ ನಡುವಿನ ಕಂಬಗಳಿಗೆ ಸುತ್ತಲು, ತಪ್ಪು ಕತ್ತರಿಸಿದ್ದಕ್ಕೆ ಏನೂ ಉಳಿಯುವುದಿಲ್ಲ. ಮೂರು ತನ್ನಿ. ಹಾಳೆಯ ಕೀಲುಗಳಿಗೆ ಅಂಟಿಸುವ ಸೀಮ್ ಟೇಪ್ 180 ಅಡಿಯ ರೋಲ್ ಮೂರು, ಗೋಡೆಗೆ ಅಂಟಿಸಲು ಎರಡೂ ಮಗ್ಗುಲು ಅಂಟುವ ಬ್ಯೂಟೈಲ್ ಟೇಪ್ 50 ಅಡಿಯದು ನಾಲ್ಕು, ಗೋಡೆಗೆ ಹೊಡೆಯುವ ಪ್ಲಾಸ್ಟಿಕ್ ಪಿನ್ ಎರಡು ಅಡಿಗೊಂದರಂತೆ 80.

ದೂರದ ಮೂಲೆಯಿಂದ ಬಾಗಿಲ ಕಡೆಗೆ ಹಾಸುತ್ತಾ ಬನ್ನಿ. ಮೊದಲು ಕಂಬಗಳು, ಆಮೇಲೆ ಗೋಡೆ, ಕೊನೆಗೆ ನೆಲ. ಗೋಡೆಯನ್ನು ತಂತಿ ಬ್ರಷ್‌ನಿಂದ ಉಜ್ಜಿ ದೂಳು ತೆಗೆಯದಿದ್ದರೆ ಬ್ಯೂಟೈಲ್ ಟೇಪ್ ಆರು ತಿಂಗಳಲ್ಲಿ ಕಿತ್ತುಬರುತ್ತದೆ. ಬಿಟ್ಟುಹೋದ ಕೆಲಸಗಳಲ್ಲಿ ಅತಿ ಸಾಮಾನ್ಯವಾದದ್ದು ಇದೇ. ಟೇಪಿನ ಮೇಲಷ್ಟೇ ಭಾರ ಹಾಕಬೇಡಿ, ಪಿನ್ ಹೊಡೆಯಿರಿ. ಹಾಳೆಯನ್ನು ಬಿಗಿಯಾಗಿ ಎಳೆಯಬೇಡಿ, ಮೂಲೆಗಳಲ್ಲಿ ಸಡಿಲ ಇರಲಿ. ಮಾದರಿ ನಿಯಮದ ಕನಿಷ್ಠ ಎಂದರೆ ಕೀಲುಗಳಲ್ಲಿ 6 ಇಂಚು ಅತಿಕ್ರಮಣ, ಅದು ಸೀಲ್ ಆಗಿರಬೇಕು, ಗೋಡೆಯ ಮೇಲೆ ಕನಿಷ್ಠ 6 ಇಂಚು ಏರಿರಬೇಕು.

7. ಕಿಂಡಿ, ಬಾಗಿಲು, ಡಿಹ್ಯುಮಿಡಿಫೈಯರ್

ಈ ಮೂರೂ ಒಂದೇ ದಿನ ಆಗಬೇಕು. ಕಿಂಡಿ ಮುಚ್ಚಿ, ಯಂತ್ರ ಬರಲು ಮೂರು ವಾರ ಕಾದರೆ ಒಳಗಿನ ತೇವಕ್ಕೆ ಹೋಗಲು ದಾರಿಯಿಲ್ಲದೆ ಬೂಷ್ಟು ಇನ್ನೂ ಬೇಗ ಬೆಳೆಯುತ್ತದೆ.

ಕಿಂಡಿ ಮುಚ್ಚುವುದು ಯಾಕೆ ಎಂದು ಕೇಳುವವರಿಗೆ: ಕೆರೊಲೈನಾದ ಜುಲೈ ಗಾಳಿಯ ಇಬ್ಬನಿ ಬಿಂದು, ಅಂದರೆ ತೇವ ನೀರಾಗಿ ಕಟ್ಟುವ ಉಷ್ಣತೆ, 70-75 ಡಿಗ್ರಿ ಫ್ಯಾರನ್‌ಹೀಟ್. ಎಸಿ ಡಕ್ಟ್‌ನ ಹೊರಮೈ ಅದಕ್ಕಿಂತ ತಣ್ಣಗಿರುತ್ತದೆ. ಹೊರಗಿನ ಗಾಳಿ ಒಳಬಂದು ಫ್ರಿಜ್‌ನಿಂದ ತೆಗೆದ ಚೊಂಬಿನ ಹಾಗೆ ಡಕ್ಟ್ ಬೆವರುತ್ತದೆ. ಒಣಗಲೆಂದು ಇಟ್ಟ ಕಿಂಡಿಯೇ ಒದ್ದೆ ತರುತ್ತದೆ. ಸಿಯಾಟಲ್, ಪೋರ್ಟ್‌ಲೆಂಡ್ ಕಡೆ ಕಥೆ ಬೇರೆ: ಬೇಸಿಗೆ ಒಣ, ಮಳೆ ಚಳಿಗಾಲದಲ್ಲಿ. ಅಲ್ಲಿ ಬಹಳ ಮನೆಗಳಿಗೆ ಒಳ್ಳೆಯ ನೆಲಹಾಳೆ ಮತ್ತು ನೀರಿನ ಹರಿವು ಸರಿಪಡಿಸಿದರೆ ಸಾಕು. ಕೆರೊಲೈನಾದ ಪ್ಯಾಕೇಜನ್ನೇ ಅಲ್ಲಿಯೂ ಮಾರಿದರೆ ಯಾಕೆ ಎಂದು ಕೇಳಿ.

ಕಿಂಡಿಗೆ ಕತ್ತರಿಸಿದ ಫೋಮ್ ಬೋರ್ಡ್ ಇಟ್ಟು ಸುತ್ತ ಸ್ಪ್ರೇ ಫೋಮ್ ಹೊಡೆಯಬಹುದು, ಅಥವಾ 15-20 ಡಾಲರ್‌ನ ಮುಚ್ಚಳ ತರಬಹುದು. ಬಾಗಿಲಿಗೆ ರಬ್ಬರ್ ಪಟ್ಟಿ ಹಾಕಿ.

ಡಿಹ್ಯುಮಿಡಿಫೈಯರ್ ಗಾಳಿಯಿಂದ ನೀರು ಹಿಂಡುವ ಯಂತ್ರ. ಮಾದರಿ ನಿಯಮ ಕೇಳುವುದು 1,000 ಚದರಡಿಗೆ ದಿನಕ್ಕೆ 70 ಪಿಂಟ್ ಸಾಮರ್ಥ್ಯ, ಅಂದರೆ ಸುಮಾರು 33 ಲೀಟರ್. 1,500 ಚದರಡಿಗೆ 105 ಪಿಂಟ್. ಇಲ್ಲೊಂದು ಮೋಸವಿದೆ. ಕೆಲವರು 90 ಡಿಗ್ರಿ, ಶೇ. 90 ತೇವದಲ್ಲಿ ಅಳೆದ ಅಂಕಿಯನ್ನು ದೊಡ್ಡದಾಗಿ ಬರೆದು "180 ಪಿಂಟ್" ಎಂದು ಮಾರುತ್ತಾರೆ. 80 ಡಿಗ್ರಿ, ಶೇ. 60 ತೇವದಲ್ಲಿ ಅದೇ ಯಂತ್ರ ಅರ್ಧದಷ್ಟೂ ತೆಗೆಯದೆ ಇರಬಹುದು. ಎರಡನೆಯ ಅಂಕಿಯನ್ನೇ ಕೇಳಿ. ಕ್ರಾಲ್ ಸ್ಪೇಸ್‌ಗೆಂದೇ ಮಾಡಿದ ಯಂತ್ರಕ್ಕೆ 1,300ರಿಂದ 1,800 ಡಾಲರ್. ಅಂಗಡಿಯ 250 ಡಾಲರ್‌ನ ಬಕೆಟ್ ಮಾದರಿ ತಂದರೆ ತಣ್ಣನೆಯ ದಿನಗಳಲ್ಲಿ ಕಾಯಿಲ್ ಹಿಮಗಟ್ಟಿ ನಿಲ್ಲುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಜಿಎಫ್‌ಸಿಐ ಪ್ಲಗ್, ಅಂದರೆ ಕರೆಂಟ್ ಸೋರಿದರೆ ತಾನೇ ಕಡಿತವಾಗುವ ಪ್ಲಗ್ ಹಾಕಿಸಿ, 200-400 ಡಾಲರ್. ನೀರು ಹೊರಗೆ ಹೋಗಲು ಪುಟ್ಟ ಪಂಪ್, 60-100.

ಮೊದಲ ತಿಂಗಳು ಶೇ. 60ಕ್ಕೆ ಇಟ್ಟು, ನಿಧಾನವಾಗಿ ಶೇ. 50-55ಕ್ಕೆ ಇಳಿಸಿ. ಮೊದಲ ದಿನವೇ ಶೇ. 45ಕ್ಕೆ ಇಟ್ಟರೆ ಮೇಲಿನ ಹಾರ್ಡ್‌ವುಡ್ ನೆಲ ಬೇಗ ಒಣಗಿ ಹಲಗೆಗಳ ನಡುವೆ ಸಂದು ಬಿಡುತ್ತದೆ.

ಫೈಬರ್‌ಗ್ಲಾಸ್ ತೆಗೆದಿದ್ದರೆ ಗೋಡೆಗೆ ಫಾಯಿಲ್ ಮುಖದ, ಬೆಂಕಿ ನಿಯಮಕ್ಕೆ ಒಪ್ಪಿದ ಫೋಮ್ ಬೋರ್ಡ್ ಹಾಕಿಸಬೇಕಾಗುತ್ತದೆ. ನಮ್ಮ ಲೆಕ್ಕದ ಮನೆಗೆ 4×8 ಅಡಿಯ 15 ಬೋರ್ಡ್, 750ರಿಂದ 1,050 ಡಾಲರ್. ದಪ್ಪ ಎಷ್ಟು, ಪರ್ಮಿಟ್ ಬೇಕೇ ಎಂಬುದು ಕೌಂಟಿಯ ಮೇಲೆ ಹೋಗುತ್ತದೆ. ಇನ್‌ಸ್ಪೆಕ್ಷನ್ ಕಚೇರಿಗೆ ಫೋನ್ ಮಾಡಿದರೆ ಹೇಳುತ್ತಾರೆ.

8. ಕೊಟೇಷನ್ ಓದುವುದು

ನೀವೇ ಮಾಡಿದರೆ ಮೇಲಿನ ಮನೆಗೆ (ಗೋಡೆ ಬೋರ್ಡ್ ಬಿಟ್ಟು) ಹೀಗೆ ಬರುತ್ತದೆ: ಹಾಳೆ 700-1,100, ಎರಡೂ ಬಗೆಯ ಟೇಪ್ ಮತ್ತು ಪಿನ್ 240-280, ಕಿಂಡಿ 150-200, ಯಂತ್ರ 1,300-1,800, ಪಂಪ್ ಮತ್ತು ಪ್ಲಗ್ 260-500, ಮಾಸ್ಕ್, ಮೀಟರ್ ಇತ್ಯಾದಿ 150-180. ಒಟ್ಟು ಸುಮಾರು 2,800ರಿಂದ 4,100 ಡಾಲರ್. ಇದು ಊರಿಂದ ಊರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುವ ಅಂದಾಜು. ಎತ್ತರ ಎರಡು ಅಡಿಗಿಂತ ಕಡಿಮೆ ಇದ್ದರೆ ನೀವೇ ಮಾಡುವ ಯೋಚನೆ ಬಿಡುವುದು ಒಳ್ಳೆಯದು. ದುಡ್ಡು ಉಳಿದರೂ ಬೆನ್ನು ಉಳಿಯುವುದಿಲ್ಲ.

ಮೂರು ಕಡೆಯಿಂದ ಕೊಟೇಷನ್ ತರಿಸಿ. ಒಟ್ಟು ಮೊತ್ತ ಒಂದನ್ನೇ ಬರೆದು ಕೊಟ್ಟರೆ ವಾಪಸ್ ಮಾಡಿ. ಹಾಳೆಯ ದಪ್ಪ ಮತ್ತು ಚದರಡಿ, ಯಂತ್ರದ ಮಾಡೆಲ್, ಚರಂಡಿಯ ಉದ್ದ, ಬೂಷ್ಟು ಶುಚಿ, ಕಸ ಸಾಗಣೆ, ಪರ್ಮಿಟ್ ಎಲ್ಲ ಬೇರೆ ಬೇರೆ ಸಾಲಿನಲ್ಲಿ ಇರಲಿ. ಮೂರರಲ್ಲಿ ಒಬ್ಬರು ಮಾತ್ರ 160 ಅಡಿ ಚರಂಡಿ ಬರೆದಿದ್ದರೆ ನಿಮ್ಮ ಮಳೆಯ ಮಾರನೆ ದಿನದ ಫೋಟೊ ತೋರಿಸಿ, ನೀರು ಎಲ್ಲಿ ಕಂಡಿತು ಎಂದು ಕೇಳಿ. "ಲೈಫ್‌ಟೈಮ್ ವಾರಂಟಿ" ಹಾಳೆ ಹರಿಯುವುದಕ್ಕೋ, ತೇವಾಂಶ ಶೇ. 60 ದಾಟುವುದಕ್ಕೋ ಎಂದು ಕೇಳಿ. ಬಹುಪಾಲು ಮೊದಲನೆಯದಕ್ಕೆ ಮಾತ್ರ.

"ಇವತ್ತೇ ಸಹಿ ಹಾಕಿದರೆ ಎರಡು ಸಾವಿರ ಕಡಿಮೆ" ಎಂದರೆ ನಾಳೆಯೂ ಅದೇ ಬೆಲೆ ಸಿಗುತ್ತದೆ ಎಂದೇ ತಿಳಿಯಿರಿ. ನಿಮ್ಮ ಮನೆಯಲ್ಲೇ ಕೂತು ಮಾಡಿಕೊಂಡ ಇಂಥ ಮಾರಾಟವನ್ನು ಮೂರು ಕೆಲಸದ ದಿನಗಳೊಳಗೆ ರದ್ದು ಮಾಡುವ ಹಕ್ಕನ್ನು ಫೆಡರಲ್ ಟ್ರೇಡ್ ಕಮಿಷನ್‌ನ ನಿಯಮ ಸಾಮಾನ್ಯವಾಗಿ ಕೊಡುತ್ತದೆ. ತೆರಿಗೆ ವಿನಾಯಿತಿಯ ಆಸೆ ತೋರಿಸಿದರೂ ಎಚ್ಚರ: ಮನೆಯ ಇನ್ಸುಲೇಷನ್‌ಗೆ ಸಿಗುತ್ತಿದ್ದ ಫೆಡರಲ್ ವಿನಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿಯಿತು. ವಿದ್ಯುತ್ ಕಂಪನಿಯ ರಿಬೇಟ್ ಇದೆಯೇ ಎಂದು ನೀವೇ ವಿಚಾರಿಸಿ. ಮನೆ ವಿಮೆ ದಿನೇದಿನೇ ಏರಿದ ತೇವಕ್ಕೆ ಹಣ ಕೊಡುವುದು ಅಪರೂಪ.

ಮನೆಯನ್ನು ಇನ್ನೂ ಕೊಳ್ಳುತ್ತಿದ್ದೀರಾ? ನಾರ್ತ್ ಕೆರೊಲೈನಾದಲ್ಲಿ ಡ್ಯೂ ಡಿಲಿಜೆನ್ಸ್ ಅವಧಿ, ಅಂದರೆ ಕರಾರಾದ ಮೇಲೆ ಮನೆಯನ್ನು ಪರೀಕ್ಷಿಸಿ ನೋಡಲು ಸಿಗುವ ಸಮಯ, ಮುಗಿಯುವ ಮುಂಚೆಯೇ ಇದೆಲ್ಲ ಆಗಬೇಕು. ಆ ಅವಧಿಯಲ್ಲಿ ಕಾರಣ ಕೊಡದೆಯೂ ಹಿಂದೆ ಸರಿಯಬಹುದು, ರಿಪೇರಿಗೆಂದು ಬೆಲೆ ಇಳಿಸಲು ಕೇಳಬಹುದು. ಇನ್‌ಸ್ಪೆಕ್ಟರ್ ಬಾಗಿಲಲ್ಲೇ ನಿಂತು ಟಾರ್ಚ್ ಬಿಟ್ಟು ನೋಡಿದರೋ, ದೂರದ ಮೂಲೆವರೆಗೂ ತೆವಳಿದರೋ ಎಂದು ವರದಿಯ ಫೋಟೊಗಳಿಂದಲೇ ಗೊತ್ತಾಗುತ್ತದೆ.

9. ಆಮೇಲಿನ ಖರ್ಚು

ಯಂತ್ರ ದಿನಕ್ಕೆ 12 ಗಂಟೆ ಓಡಿ 500 ವ್ಯಾಟ್ ತಿಂದರೆ ತಿಂಗಳಿಗೆ 180 ಯೂನಿಟ್. ಯೂನಿಟ್‌ಗೆ 14 ಸೆಂಟ್‌ನಂತೆ 25 ಡಾಲರ್. ಬೇಸಿಗೆಯಲ್ಲಿ ಇದು, ಚಳಿಗಾಲದಲ್ಲಿ ಬಹುಪಾಲು ಸುಮ್ಮನಿರುತ್ತದೆ. ಫಿಲ್ಟರ್ ಮೂರು ತಿಂಗಳಿಗೊಮ್ಮೆ ತೊಳೆಯಿರಿ. ಸಂಪ್ ಪಂಪ್ ಇದ್ದರೆ ವರ್ಷಕ್ಕೆರಡು ಸಲ ಒಂದು ಬಕೆಟ್ ನೀರು ಸುರಿದು ಓಡುತ್ತದೆಯೇ ನೋಡಿ, ಬ್ಯಾಟರಿ ಬ್ಯಾಕಪ್ ಹಾಕಿಸಿ. ಚಂಡಮಾರುತ ಬಂದು ಕರೆಂಟ್ ಹೋದ ರಾತ್ರಿಯೇ ಅದು ಬೇಕಾಗುವುದು. ಹಾಳೆಯ ತಗ್ಗಿನ ಜಾಗದಲ್ಲಿ 15 ಡಾಲರ್‌ನ ನೀರಿನ ಅಲಾರಂ ಇಡಿ. ಸೀಲ್ ಮಾಡಿದ ಕ್ರಾಲ್ ಸ್ಪೇಸ್‌ನಲ್ಲಿ ಪೈಪ್ ಒಡೆದರೆ ನೀರು ಮಣ್ಣಿಗೆ ಇಂಗದೆ ಹಾಳೆಯ ಮೇಲೇ ಕೆರೆ ಕಟ್ಟುತ್ತದೆ.

ಕಾಂಟ್ರಾಕ್ಟರ್‌ಗಳು ವರ್ಷಕ್ಕೆ 200-400 ಡಾಲರ್‌ನ ನಿರ್ವಹಣಾ ಕರಾರು ಮುಂದಿಡುತ್ತಾರೆ. ಅವರು ಮಾಡುವುದು ಫಿಲ್ಟರ್ ಬದಲಾವಣೆ, ಹೈಗ್ರೋಮೀಟರ್ ಓದುವುದು, ಟೇಪ್ ನೋಡುವುದು. ವಾರಂಟಿ ಉಳಿಯಲು ಆ ಕರಾರು ಕಡ್ಡಾಯ ಎಂದು ಬರೆದಿದ್ದರೆ ಅದನ್ನೂ ಹತ್ತು ವರ್ಷಕ್ಕೆ ಗುಣಿಸಿ ಕೊಟೇಷನ್‌ಗೆ ಕೂಡಿ, ಆಮೇಲೆ ಮೂರನ್ನೂ ಹೋಲಿಸಿ.